ಹೊಳೆಗೆ ಅಧ್ಯಕ್ಷರು

ಹೊಳೆಯ ಪ್ರಾಣಿಗಳು ಅಧ್ಯಕ್ಷರನ್ನು ಆರಿಸಲು ಸೇರಿದವು. ನೀರನ್ನು ಚೊಕ್ಕಟವಾಗಿ ಇಡಬಲ್ಲವರಿಗೇ ಮತ ಎಂದು ಮೊದಲೇ ತೀರ್ಮಾನವಾಗಿತ್ತು. ಚುನಾವಣೆಗೆ ನಿಂತವರು ಕೋಣ ಮತ್ತು ಏಡಿ.

ಕೋಣ ತನ್ನ ಮಡುವಿನಲ್ಲಿ ಹೊರಳಾಡುತ್ತಲೇ ಭಾಷಣ ಮಾಡಿತು. "ನಾನು ಗೆದ್ದರೆ ಹೊಳೆಯ ತಳದ ಕಲ್ಲೂ ಕಾಣಬೇಕು, ನೀರು ಅಷ್ಟು ತಿಳಿಯಾಗುತ್ತದೆ." ಕಪ್ಪೆಗಳು ಕುಣಿದಾಡಿದವು.

ಮುದಿ ಆಮೆ ಹೇಳಿತು, "ಗಂಟಲು ಒಣಗಿರಬೇಕು ಕೋಣರಾಯರೇ, ಒಂದು ಗುಟುಕು ನೀರು ಕುಡಿಯಿರಿ."

ಕೋಣ ಎದ್ದು, ನೀರು ಹರಿದು ಬರುವ ಕಡೆಗೆ, ಮಡುವಿಗಿಂತ ಮೇಲಕ್ಕೆ ನಡೆದು ಹೋಗಿ ನೀರು ಕುಡಿದು ಬಂತು.

"ಅಷ್ಟು ದೂರ ಯಾಕೆ ಹೋದಿರಿ?"

"ಇಲ್ಲಿ ನೀರು ಕದಡಿದೆಯಲ್ಲ."

"ನಾವೆಲ್ಲ ಕುಡಿಯುವುದು ಅದನ್ನೇ," ಎಂದ ಆಮೆ ಏಡಿಯತ್ತ ತಿರುಗಿತು. "ನಿಮ್ಮ ಭಾಷಣ?"

"ನನ್ನ ಬಿಲ ಹೊಳೆಯ ಕೊನೆಯಲ್ಲಿದೆ. ನೀವೆಲ್ಲ ಮಿಂದು ಬಿಟ್ಟ ನೀರೇ ನನಗೆ ಬರುವುದು. ಇಷ್ಟೇ ನನ್ನ ಭಾಷಣ."

ಏಡಿ ಗೆದ್ದಿತು. ಅಧ್ಯಕ್ಷರ ಮೊದಲ ಅಪ್ಪಣೆ ಅಲ್ಲೇ ಹೊರಟಿತು: "ಕೋಣರಾಯರು ಮಡುವಿನಲ್ಲಿ ಮನಸೋ ಇಚ್ಛೆ ಹೊರಳಾಡಲಿ. ಆದರೆ ಇನ್ನು ಮೇಲೆ ನೀರು ಕುಡಿಯುವುದು ಮಾತ್ರ ಮಡುವಿನಿಂದ ನೀರು ಕೆಳಗೆ ಹರಿದು ಬರುವ ಕಡೆ."

ಆ ಸಂಜೆಯೇ ಕೋಣ ಹೊರಳಾಡಲು ಬೇರೆ ಕೆಸರುಗುಂಡಿ ಹುಡುಕಿಕೊಂಡು ಹೊರಟಿತು.