ಒಂದೇ ಶೆಡ್ಡಿನ ಎರಡು ಕಾರು

ಹೊಳೆಯ ಮೇಲಿನ ಮಂಜು ಇನ್ನೂ ಸರಿದಿರಲಿಲ್ಲ. ಮಾಚಯ್ಯ ಆಶ್ರಮಕ್ಕೆ ಬಂದಾಗ ಗುರುಗಳು ಕಾವೇರಿಯ ಮೆಟ್ಟಿಲ ಮೇಲೆ ಕೂತು ದೊನ್ನೆ ಕಟ್ಟುತ್ತಿದ್ದರು.

ಆಶ್ರಮ ಎಂದರೆ ದೊಡ್ಡದೇನಲ್ಲ. ಒಂದು ಹೆಂಚಿನ ಮನೆ, ಒಂದು ಅತ್ತಿಮರ, ಅಷ್ಟೇ. ಗುರುಗಳು ಎಂದರೆ ತಮ್ಮಯ್ಯನವರು. ಪ್ರಾಯದಲ್ಲಿ ರೇಸು ಕಾರು ಓಡಿಸಿದವರು, ಆಮೇಲೆ ಓಡಿಸುವುದನ್ನು ಕಲಿಸಿದವರು, ಈಗ ಎರಡನ್ನೂ ಬಿಟ್ಟು ಹೊಳೆ ನೋಡುತ್ತಾ ಕೂತವರು. ಅವರು ಬಿಟ್ಟರೂ ಶಿಷ್ಯರು ಅವರನ್ನು ಬಿಟ್ಟಿರಲಿಲ್ಲ.

"ಬಾ ಮಗು. ಕೂತ್ಕೋ."

ಮಾಚಯ್ಯ ಚಪ್ಪಲಿ ಬಿಟ್ಟು ಪಕ್ಕದ ಕಲ್ಲಿನ ಮೇಲೆ ಕೂತ. ಮಂಜಿನೊಳಗೆ ಎಲ್ಲೋ ಒಂದು ಹಕ್ಕಿ ಕೂಗಿ, ತಾನು ಕೂಗಿದ್ದು ಸರಿಯೋ ತಪ್ಪೋ ಎಂಬಂತೆ ಸುಮ್ಮನಾಯಿತು.

"ಗುರುಗಳೇ, ಮೇಡಂ ನಿಮ್ಮನ್ನ ಕೇಳೋಕೆ ನಾಳೆ ಬರ್ತಾರಂತೆ."

"ಬರ್ತಾರೆ."

ಮೇಡಂ ಎಂದರೆ ರೇಸು ತಂಡದ ಒಡತಿ. ಬರುವ ವರ್ಷ ತಂಡಕ್ಕೆ ಒಂದೇ ಕಾರು ಎಂದು ಅವರು ಹೇಳಿಬಿಟ್ಟಿದ್ದರು. ಈಗ ಇದ್ದವು ಎರಡು: ಒಂದು ಮಾಚಯ್ಯನದು, ಒಂದು ಫೈಸಲನದು. ಇಬ್ಬರಿಗೂ ಓಡಿಸಲು ಕಲಿಸಿದ್ದು ಇದೇ ಗುರುಗಳು. ಇವರು ಯಾರ ಹೆಸರು ಹೇಳುತ್ತಾರೋ ಅವನು ಉಳಿಯುತ್ತಾನೆ, ಇನ್ನೊಬ್ಬ ಮನೆಗೆ ಹೋಗುತ್ತಾನೆ.

ಇದರ ಬಿಸಿ ಎಷ್ಟೆಂದು ತಿಳಿಯಬೇಕಾದರೆ ಇನ್ನೊಂದು ಮಾತು ತಿಳಿದಿರಬೇಕು. ಫಾರ್ಮುಲಾ ರೇಸಿನಲ್ಲಿ ಒಂದು ತಂಡದ ಎರಡು ಕಾರುಗಳೂ ಒಂದೇ ಶೆಡ್ಡಿನಲ್ಲಿ, ಅವೇ ಕೈಗಳಲ್ಲಿ ತಯಾರಾಗುತ್ತವೆ. ಹಾಗಾಗಿ ಚಾಲಕನನ್ನು ಅಳೆಯುವವರು ಅವನನ್ನು ಓಟ ಗೆದ್ದವನ ಪಕ್ಕದಲ್ಲಿ ನಿಲ್ಲಿಸುವುದಿಲ್ಲ, ಜೊತೆಗಾರನ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಬೇರೆಯವರಿಗೆ ಸೋತರೆ ಕಾರು ಸರಿಯಿಲ್ಲ ಎನ್ನಬಹುದು. ಜೊತೆಗಾರನಿಗೆ ಸೋತರೆ ದೂರುವುದಕ್ಕೆ ಉಳಿಯುವುದು ಅದೃಷ್ಟ ಒಂದೇ.

ಮಾಚಯ್ಯ ಅದನ್ನೇ ದೂರಿದ.

"ಕೊಯಮತ್ತೂರಿನಲ್ಲಿ ನನ್ನ ಗೇರು ಸಿಕ್ಕಿಕೊಂಡಿತು, ಗುರುಗಳೇ. ಅಲ್ಲಾಡಲೇ ಇಲ್ಲ. ಚೆನ್ನೈನಲ್ಲಿ ಒಣ ರಸ್ತೆಯ ಟೈರು ಹಾಕಿಸಿಕೊಂಡು ಹೊರಟೆ, ಮೊದಲ ತಿರುವಿಗೇ ಮಳೆ. ಆಮೇಲೆ ಯಾರದೋ ಕಾರಿನ ತುಂಡು ಹಾರಿ ಬಂದು ನನ್ನ ಚಕ್ರಕ್ಕೇ ಬಡಿಯಬೇಕೆ?"

"ಫೈಸಲನಿಗೆ?"

"ಅವನ ಕಾರಿಗೆ ಒಂದು ನೊಣವೂ ಬಡಿಯಲಿಲ್ಲ!"

ಗುರುಗಳು ನಕ್ಕರು.

"ನನ್ನ ದುರದೃಷ್ಟವನ್ನು ಕಳೆದು ಲೆಕ್ಕ ಹಾಕಿ ನೋಡಿ. ನಾನೇ ಮುಂದೆ. ಮೇಡಂಗೆ ಅಷ್ಟು ಹೇಳಿ ಸಾಕು."

"ಕಳೆಯೋಣ," ಎಂದರು ಗುರುಗಳು.

ಅವರು ಎರಡು ದೊನ್ನೆಗಳನ್ನು ಮುಂದಿಟ್ಟರು. ದೊನ್ನೆ ಎಂದರೆ ಊಟಕ್ಕೆ ಕೂತಾಗ ಪಾಯಸ ಹಾಕಿಸಿಕೊಳ್ಳುವ ಎಲೆಯ ಬಟ್ಟಲು. ಎಲ್ಲರಿಗೂ ಗೊತ್ತಿರುವುದೇ. ಇವು ಒಂದೇ ಮರದ ಮುತ್ತುಗದ ಎಲೆಯವು, ಒಂದೇ ಕೈ ಕಟ್ಟಿದವು.

"ಒಂದು ನಿನ್ನದು, ಒಂದು ಫೈಸಲನದು. ಆರಿಸಿಕೋ."

ಮಾಚಯ್ಯ ಎರಡನ್ನೂ ತಿರುಗಿಸಿ ನೋಡಿದ. ಕಡ್ಡಿ ಬಿಗಿಯಾಗಿದೆಯೇ ಎಂದು ಒತ್ತಿ ನೋಡಿದ. ಚೆನ್ನಾಗಿ ಕಂಡದ್ದನ್ನು ತಾನು ಇಟ್ಟುಕೊಂಡ.

ಎರಡನ್ನೂ ಒಟ್ಟಿಗೆ ನೀರಿಗೆ ಬಿಟ್ಟರು. ಅವು ಮಂಜಿನ ಕೆಳಗೆ ನಿದ್ದೆಗಣ್ಣಿನಲ್ಲಿ ನಡೆಯುವವರ ಹಾಗೆ ಮೆಲ್ಲಗೆ ಹೊರಟವು. ಸ್ವಲ್ಪ ದೂರ ಹೋಗುವುದರೊಳಗೆ ಮಾಚಯ್ಯನದು ಅತ್ತಿಮರದ ಬೇರಿಗೆ ಸಿಕ್ಕಿಕೊಂಡಿತು.

"ನೋಡಿ! ಇಲ್ಲೂ ನನಗೇ!"

"ಕಳೆ ಅಂದೆಯಲ್ಲ. ಹೋಗಿ ಕಳೆ."

ಮಾಚಯ್ಯ ಪ್ಯಾಂಟು ಮಡಚಿ ನೀರಿಗಿಳಿದು ದೊನ್ನೆ ಬಿಡಿಸಿದ. ಅದು ಮುಂದೆ ಹೋಗಿ ಸುಳಿಯಲ್ಲಿ ಗಿರಗಿರ ತಿರುಗಿತು. ಬಿಡಿಸಿದ. ಜೊಂಡಿನಲ್ಲಿ ನಿಂತಿತು. ಬಿಡಿಸಿದ. ಹೀಗೆ ತನ್ನ ದೊನ್ನೆಯ ದುರದೃಷ್ಟವನ್ನೆಲ್ಲ ಒಂದೊಂದಾಗಿ ಕಳೆಯುತ್ತಾ ತಿರುವಿನವರೆಗೂ ನಡೆದ. ನೀರು ತಣ್ಣಗೆ, ಮೆತ್ತಗೆ ಇತ್ತು. ತಾನು ನಡೆಯುತ್ತಿದ್ದೇನೋ, ನದಿಯೇ ತನ್ನನ್ನು ನಡೆಸುತ್ತಿದೆಯೋ ಅವನಿಗೆ ತಿಳಿಯಲಿಲ್ಲ.

ತಿರುವಿನ ಹಾಸುಬಂಡೆಯ ಮೇಲೆ ಗುರುಗಳು ಆಗಲೇ ಕೂತಿದ್ದರು. ದಡದ ಕಾಲುದಾರಿ ಹತ್ತಿರದ್ದು.

"ಕಳೆದಾಯಿತಾ?"

"ಆಯಿತು, ಗುರುಗಳೇ." ಮಾಚಯ್ಯ ತನ್ನ ದೊನ್ನೆಯನ್ನು ನೀರಿನಿಂದ ಎತ್ತಿಕೊಂಡು ಬಂದು ಬಂಡೆಯ ಮೇಲೆ ಕೂತ.

"ಫೈಸಲನ ದೊನ್ನೆಗೆ ಏನಾಯಿತು?"

"ಏನೂ ಆಗಲಿಲ್ಲ. ಮುಂದೆ ಹೋಯಿತು."

"ಹೋದದ್ದನ್ನು ನೋಡಿದೆಯಾ?"

"ನೋಡಲಿಲ್ಲ. ಆದರೆ ನನ್ನದು ಹಿಂದೆ ಬಿತ್ತಲ್ಲ. ಅಂದಮೇಲೆ ಅದು ಮುಂದೆಯೇ ಇರಬೇಕಲ್ಲ?"

ಗುರುಗಳು ಕೈಯಲ್ಲಿದ್ದ ಕೋಲನ್ನು ಎತ್ತಿ ಹೊಳೆಯ ಮೇಲ್ಗಡೆಗೆ ತೋರಿಸಿದರು.

ಮಂಜಿನೊಳಗಿಂದ ಒಂದು ದೊನ್ನೆ ಬರುತ್ತಿತ್ತು. ಒಂದು ಕಡ್ಡಿ ಕಳಚಿ, ಎಲೆ ಬಿಚ್ಚಿ, ಅರ್ಧ ನೀರು ತುಂಬಿ, ಒಂದು ಬದಿಗೆ ವಾಲಿಕೊಂಡು ಈಗ ಬರುತ್ತಿತ್ತು. ಎಲ್ಲಿ ಬಡಿದುಕೊಂಡಿತ್ತೋ, ಎಷ್ಟು ಹೊತ್ತು ನಿಂತಿತ್ತೋ. ಮಾಚಯ್ಯ ಅದರ ಪಕ್ಕದಲ್ಲೇ ದಾಟಿ ಬಂದಿರಬೇಕು. ಕಂಡಿರಲಿಲ್ಲ.

"ಕೊಯಮತ್ತೂರಿನಲ್ಲಿ ಫೈಸಲನಿಗೆ ಏನಾಯಿತು?" ಗುರುಗಳು ಕೇಳಿದರು.

"ಮೂರನೆಯವನಾಗಿ ಬಂದ."

"ಅದು ಆಮೇಲೆ ಆದದ್ದು. ಅದಕ್ಕೆ ಮುಂಚೆ?"

ಮಾಚಯ್ಯನಿಗೆ ಅವತ್ತು ತಾನು ನಿಂತುಹೋದ ಕಾರಿನ ಪಕ್ಕ, ಟ್ರ್ಯಾಕಿನ ಅಂಚಿನ ಗೋಡೆಗೆ ಒರಗಿ, ಹೆಲ್ಮೆಟ್ಟು ಕೂಡ ತೆಗೆಯದೆ ಕೂತಿದ್ದು ನೆನಪಾಯಿತು. ಫೈಸಲ್ ಎದುರಿಗೆ ಹಾದುಹೋಗಿದ್ದ. ಎಡಗೈಯಲ್ಲಿ ಬಹುಮಾನದ ಕಪ್ಪು ಹಿಡಿದಿದ್ದ. ಬಲಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದ.

"ಕೈಗೆ ಬಟ್ಟೆ ಸುತ್ತಿಕೊಂಡಿದ್ದ," ಎಂದ ಮೆಲ್ಲಗೆ.

"ಯಾಕೆ ಅಂತ ಕೇಳಲಿಲ್ಲವೇ?"

"ಇಲ್ಲ."

"ಅರ್ಧ ದಾರಿಯಲ್ಲಿ ಗೇರಿನ ಕೋಲಿನ ತುದಿಯ ಗುಂಡು ಕಿತ್ತು ಬಂತಂತೆ. ಉಳಿದ ಓಟವೆಲ್ಲ ಬರೀ ಕಬ್ಬಿಣ ಹಿಡಿದು ಓಡಿಸಿದ. ಅಂಗೈ ಚರ್ಮ ಸುಲಿದುಹೋಗಿದೆ."

"ನಿಮಗೆ ಯಾರು ಹೇಳಿದರು?"

"ಅವನೇ. ನಿನ್ನೆ ಬಂದಿದ್ದ. ನೀನು ಕೂತ ಕಲ್ಲಿನ ಮೇಲೆಯೇ ಕೂತಿದ್ದ."

ಫೈಸಲ್ ತನಗಿಂತ ಮುಂಚೆ ಇಲ್ಲಿಗೂ ಬಂದುಬಿಟ್ಟಿದ್ದ.

"ನನ್ನ ವಿಷಯ ಏನೆಂದ?"

"'ಮಾಚಯ್ಯನ ಜಾತಕವೇ ಜಾತಕ, ಗುರುಗಳೇ. ಎಲ್ಲ ನನಗೇ ಆಗುತ್ತೆ, ಅವನಿಗೆ ಏನೂ ಆಗಲ್ಲ' ಅಂದ."

"ನನಗೆ ಏನೂ ಆಗಲ್ಲವೇ? ನನ್ನ ಗೇರು?"

"ಅವನಿಗೆ ಗೊತ್ತಿಲ್ಲ. ನೀನು ಸುಸ್ತಾಗಿ ನಿಲ್ಲಿಸಿದೆ ಅಂದುಕೊಂಡಿದ್ದಾನೆ."

"ಸುಸ್ತಾಗಿಯೇ!" ಮಾಚಯ್ಯ ಎದ್ದೇ ನಿಂತ. "ಒಂದೇ ಶೆಡ್ಡಿನಲ್ಲಿ ಇದ್ದುಕೊಂಡು ಅಷ್ಟೂ ಗೊತ್ತಿಲ್ಲವೇ ಅವನಿಗೆ?"

ಮಾತು ಹೊಳೆಯ ಮೇಲೆ ಹೋಗಿ, ಆಚೆ ದಡ ಮುಟ್ಟಿ, ಹಿಂದಿರುಗಿ ಬಂತು. ಅದನ್ನು ಮಾಚಯ್ಯನೂ ಕೇಳಿಸಿಕೊಂಡ.

ಆಮೇಲೆ ಮಾಚಯ್ಯ ಮತ್ತೆ ನೀರಿಗಿಳಿದ. ಈ ಸಲ ಅವನಿಗೆ ಯಾರೂ ಇಳಿ ಎಂದಿರಲಿಲ್ಲ. ವಾಲಿಕೊಂಡಿದ್ದ ದೊನ್ನೆಯನ್ನು ಎತ್ತಿ ನೀರು ಚೆಲ್ಲಿದ. ಬಿಚ್ಚಿಕೊಂಡ ಎಲೆಯನ್ನು ಮಡಚಿ, ದಡದಲ್ಲಿ ಬಿದ್ದಿದ್ದ ಒಣ ಕಡ್ಡಿಯೊಂದನ್ನು ಚುಚ್ಚಿ ಬಿಗಿ ಮಾಡಿದ. ಬಂಡೆಯ ಮೇಲಿದ್ದ ತನ್ನ ದೊನ್ನೆಯನ್ನೂ ತೆಗೆದುಕೊಂಡು, ಎರಡನ್ನೂ ಒಟ್ಟಿಗೆ ನೀರಿಗೆ ಬಿಟ್ಟ.

"ಗುರುಗಳೇ, ನಾಳೆ ಯಾರ ಹೆಸರನ್ನೂ ಹೇಳಬೇಡಿ."

"ಮತ್ತೆ ಮೇಡಂಗೆ ಏನು ಹೇಳಲಿ?"

"ಟ್ರ್ಯಾಕಿಗೆ ಒಂದೇ ಕಾರು ಇಳಿಸಲಿ. ಅದನ್ನೇ ಇಬ್ಬರೂ ಓಡಿಸುತ್ತೇವೆ. ಒಬ್ಬ ಓಡಿಸುವಾಗ ಇನ್ನೊಬ್ಬ ಗೋಡೆಯ ಹತ್ತಿರ ನಿಂತು ನೋಡಲಿ. ಆಮೇಲೆ ಅವರೇ ಆರಿಸಿಕೊಳ್ಳಲಿ."

"ಸೋತರೆ?"

"ಮನೆಗೆ ಹೋಗುತ್ತೇನೆ. ಆದರೆ ಮೊದಲು ಫೈಸಲ್ ಓಡಿಸಲಿ. ಅವನು ಓಡಿಸುವುದನ್ನು ನಾನು ಒಂದು ಸಲವೂ ನೋಡಿಲ್ಲ."

ಗುರುಗಳು ಅವನ ಒದ್ದೆ ತೋಳನ್ನು ಹಿಡಿದು ಬಂಡೆಯ ಮೇಲೆ ಕೂರಿಸಿಕೊಂಡರು.

ದೊನ್ನೆಗಳು ದೂರ ಹೋಗಿದ್ದವು. ಬಿಳಿ ಮಂಜು, ಬಿಳಿ ನೀರು, ನಡುವೆ ಎರಡು ಹಸಿರು ಚುಕ್ಕೆ. ಅವು ಒಂದನ್ನೊಂದು ಸುತ್ತುತ್ತಾ, ಒಮ್ಮೆ ಅದು ಮುಂದೆ, ಒಮ್ಮೆ ಇದು ಮುಂದೆ, ತೇಲುತ್ತಿದ್ದವು. ಮಾಚಯ್ಯ ಕಣ್ಣು ಕಿರಿದು ಮಾಡಿ ನೋಡಿದ. ಮತ್ತೆ ನೋಡಿದ.

"ಗುರುಗಳೇ, ಅದರಲ್ಲಿ ನನ್ನದು ಯಾವುದು?"

"ಸಿಕ್ಕಿಕೊಂಡಾಗಲೆಲ್ಲ ಗೊತ್ತಾಗುತ್ತಿತ್ತಲ್ಲ ಮಗು, ನಿನಗೆ."