ಹುಂಜನ ಜಾರಾಟ, ಮೀನುಗಳ ಚಪ್ಪಾಳೆ

ಅದೊಂದು ಚಳಿ ಬೆಟ್ಟದ ಊರು. ಅಲ್ಲಿ ಒಂದು ಮನೆಯ ಹಿತ್ತಿಲಲ್ಲಿ ಪುಟ್ಟ ಕೊಳ. ಕೊಳದಲ್ಲಿ ಕೆಂಪು, ಬಿಳಿ, ಕಿತ್ತಳೆ ಬಣ್ಣದ ಕೋಯಿ ಮೀನುಗಳು. ದಡದ ಗೂಡಿನಲ್ಲಿ ಕೋಳಿಗಳು.

ಚಳಿಗಾಲ ಬಂತೆಂದರೆ ಕೊಳದ ಮೇಲೆಲ್ಲ ಮಂಜುಗಡ್ಡೆ ಕಟ್ಟುತ್ತಿತ್ತು. ಮನೆಯೊಡತಿ ದಿನಾ ಬೆಳಿಗ್ಗೆ ಬಿಸಿ ಪಾತ್ರೆಯೊಂದನ್ನು ಅದರ ಮೇಲಿಟ್ಟು, ನಡುವೆ ಒಂದು ತೂತು ಕರಗಿಸುತ್ತಿದ್ದಳು. ಒಳಗಿನ ಮೀನುಗಳಿಗೆ ಗಾಳಿ ಬೇಕಲ್ಲ, ಮಕ್ಕಳೇ!

ಆ ಗಡ್ಡೆಯ ಮೇಲೆ ಜಾರುವುದರಲ್ಲಿ ಹುಂಜ ಜುಟ್ಟಣ್ಣನನ್ನು ಮೀರಿಸುವವರಿರಲಿಲ್ಲ. ಎರಡು ಐಸ್‌ಕ್ರೀಂ ಕಡ್ಡಿಗಳನ್ನು ಕಾಲಿಗೆ ಕಟ್ಟಿಕೊಂಡು, ರೆಕ್ಕೆ ಬಿಚ್ಚಿ ಸುಯ್ಯೆಂದು ಹೊರಟನೆಂದರೆ, ಹೇಂಟೆಗಳು ಕಾಳು ಹೆಕ್ಕುವುದನ್ನೇ ಮರೆಯುತ್ತಿದ್ದವು. ಆ ಚಳಿಯಲ್ಲಿ ಐಸ್‌ಕ್ರೀಂ ತಿಂದ ಪುಣ್ಯಾತ್ಮರು ಯಾರೋ, ನನ್ನನ್ನು ಕೇಳಬೇಡಿ.

ಆಟಕ್ಕೆ ಮೊದಲು ತೂತಿನಿಂದ ಒಂದು ಮೂತಿ ಮೇಲೆ ಬರುತ್ತಿತ್ತು. ಅದು ಎಲ್ಲರಿಗಿಂತ ಹಿರಿಯ ಮೀನು ಹೊನ್ನಜ್ಜಿಯದು.

"ಮಗಾ, ಇವತ್ತು ಬೇಲಿಯ ಕಡೆ ಹೋಗಬೇಡ. ಅಲ್ಲಿ ಗಡ್ಡೆ ತೆಳ್ಳಗಾಗಿದೆ. ಕೆಳಗಿನಿಂದ ನೋಡಿದರೆ ಬೆಳಕು ಕಾಣುತ್ತೆ."

"ಆಯಿತಜ್ಜೀ, ಆಯಿತು" ಎಂದು ಜುಟ್ಟಣ್ಣ ಮುಖ ಸೊಟ್ಟಗೆ ಮಾಡುತ್ತಿದ್ದ. ಆದರೂ ಮಾತು ಕೇಳುತ್ತಿದ್ದ.

ಚಳಿಗಾಲ ಮುಗಿಯುತ್ತ ಬಂತು. ಬಿಸಿಲು ಚುರುಕಾಯಿತು. ಒಂದು ದಿನ ಜುಟ್ಟಣ್ಣ ಪಕ್ಕದ ಮನೆಯ ಪಾರಿವಾಳಗಳನ್ನು ತನ್ನ ಆಟ ನೋಡಲು ಕರೆದ. ಆಗ ಅವನ ಕಣ್ಣು ತೂತಿನ ಮೇಲೆ ಬಿತ್ತು.

"ಥೂ! ಇಷ್ಟು ಚೆಂದದ ಕೊಳಕ್ಕೆ ಇದೊಂದು ಕಲೆ. ನೆಂಟರೆದುರು ನನ್ನ ಮಾನ ಹೋಗುತ್ತೆ."

"ಬೇಡ ಕಣಣ್ಣಾ, ಮೀನುಗಳು ಉಸಿರಾಡೋದೇ ಅಲ್ಲಿಂದ" ಎಂದಳು ಹೇಂಟೆ ಚುಕ್ಕಿ.

"ಒಂದು ಹೊತ್ತು ಮುಚ್ಚಿದರೆ ಏನು ಮುಳುಗಿಹೋಗುತ್ತೆ? ಸುಮ್ಮನಿರು. ಜಾರುವವನು ನಾನೋ ನೀನೋ?"

ಜುಟ್ಟಣ್ಣ ಕಾಲಿನಿಂದ ಹಿಮ ಕೆದರಿ ತಂದು ತೂತಿಗೆ ತುರುಕಿದ. ಮೇಲೆ ನಿಂತು ಗಟ್ಟಿಯಾಗಿ ತುಳಿದ. ಕೊಳ ಈಗ ಕನ್ನಡಿಯಂತಾಯಿತು. ಅವನಿಗೋ ಹಿಗ್ಗೇ ಹಿಗ್ಗು.

ಮಧ್ಯಾಹ್ನ ಪಾರಿವಾಳಗಳು ಬೇಲಿಯ ಮೇಲೆ ಸಾಲಾಗಿ ಕೂತವು. ಜುಟ್ಟಣ್ಣ ಒಂದು ಸುತ್ತು ಹಾಕಿದ. ಕೆಳಗಿನಿಂದ ಸದ್ದು ಬಂತು, ಟಕ್ ಟಕ್! ಉಸಿರು ಕಟ್ಟಿದ ಮೀನುಗಳು ಮೂತಿಯಿಂದ ಗಡ್ಡೆಯನ್ನು ಬಡಿಯುತ್ತಿದ್ದವು.

"ಕೇಳಿದಿರಾ? ಮೀನುಗಳೂ ಚಪ್ಪಾಳೆ ತಟ್ಟುತ್ತಿವೆ!" ಎಂದ ಜುಟ್ಟಣ್ಣ.

ಅವನು ಬೇಲಿಯ ಕಡೆ ತಿರುಗಿದ್ದೇ ತಡ, ಬಡಿತ ಜೋರಾಯಿತು. ಟಕಟಕ ಟಕಟಕ! ಜುಟ್ಟಣ್ಣನ ಎದೆ ಉಬ್ಬಿತು. ಒಂಟಿ ಕಾಲಿನಲ್ಲಿ ಗಿರ್ರನೆ ತಿರುಗಿದ.

ಲಟಕ್! ಡುಬುಕ್!

ಗಡ್ಡೆ ಒಡೆದು ಜುಟ್ಟಣ್ಣ ನೀರಿಗೆ ಬಿದ್ದ. ಪಾಪ, ಹುಂಜಕ್ಕೆ ಈಜು ಎಲ್ಲಿ ಬರಬೇಕು? ನೀರು ಕುಡಿದ, ಮುಳುಗಿದ, ಮತ್ತೆ ಎದ್ದ. ಪಾರಿವಾಳಗಳು ಪಟಪಟನೆ ಹಾರಿಹೋದವು. ಚುಕ್ಕಿ "ಅಯ್ಯೋ ಅಣ್ಣಾ!" ಎಂದು ಕೂಗಿಕೊಂಡಳು.

ಅಷ್ಟರಲ್ಲಿ ಹೊನ್ನಜ್ಜಿ ಅವನ ಹೊಟ್ಟೆಯ ಕೆಳಗೆ ಬಂದು ಮೇಲಕ್ಕೆ ನೂಕಿದಳು. ಉಳಿದ ಮೀನುಗಳೂ ಸೇರಿಕೊಂಡವು. ಎಲ್ಲವೂ ಅವನನ್ನು ದಡಕ್ಕೆ ತಳ್ಳಿ, ಒಡೆದ ಜಾಗದಲ್ಲಿ ಬಾಯಿ ತೆರೆದು ಗಾಳಿ ಎಳೆದುಕೊಂಡವು.

ಜುಟ್ಟಣ್ಣನ ಜುಟ್ಟು ಜೋತುಬಿದ್ದಿತ್ತು. ನಡುಗುತ್ತಲೇ ಕೇಳಿದ: "ಅಜ್ಜೀ, ಗಡ್ಡೆ ತೆಳ್ಳಗಿದೆ ಅಂತ ಇವತ್ತು ಹೇಳಬಾರದಿತ್ತಾ?"

"ಹೇಗೆ ಹೇಳಲೋ ಮಗಾ? ಹೇಳುವ ಬಾಯಿಗೇ ನೀನು ಹಿಮ ತುರುಕಿದ್ದೆಯಲ್ಲ!"

ಜುಟ್ಟಣ್ಣನಿಗೆ ನಾಚಿಕೆಯಾಯಿತು. ಮರುದಿನ ಮನೆಯೊಡತಿ ಪಾತ್ರೆ ಎತ್ತಿದ ಮೇಲೆ, ಕಾಲಿಗೆ ಕಡ್ಡಿ ಕಟ್ಟಿಕೊಂಡೇ ದಡದಲ್ಲಿ ನಿಂತು, ತೂತಿನ ಕಡೆ ಕತ್ತು ಚಾಚಿ ಕೇಳಿದ: "ಅಜ್ಜೀ, ಇವತ್ತು ಎಲ್ಲಿವರೆಗೆ ಹೋಗಲಿ?"

ಮೂತಿ ಮೇಲೆ ಬಂತು. "ಎಲ್ಲಿಗೂ ಬೇಡಪ್ಪ. ಈಗ ಎಲ್ಲ ಕಡೆಯೂ ಬೆಳಕು ಕಾಣುತ್ತೆ. ಕಡ್ಡಿ ಬಿಚ್ಚಿಡು, ಮುಂದಿನ ಚಳಿಗೆ ಜಾರುವೆಯಂತೆ."

ಜುಟ್ಟಣ್ಣ ಮುಖ ಸೊಟ್ಟಗೆ ಮಾಡಲಿಲ್ಲ. ಕಡ್ಡಿ ಬಿಚ್ಚಿ, ಚುಕ್ಕಿಯ ಜೊತೆ ಕಾಳು ಹೆಕ್ಕಲು ಹೋದ.

ನೀತಿ: ನಮ್ಮ ಮೆರೆದಾಟಕ್ಕೆ ಇನ್ನೊಬ್ಬರ ಉಸಿರು ಕಟ್ಟಿಸಿದರೆ, ನಮ್ಮನ್ನು ಎಚ್ಚರಿಸುವ ದನಿಯನ್ನೂ ನಾವೇ ಕಳೆದುಕೊಳ್ಳುತ್ತೇವೆ.