ಹೊಟ್ಟೆಯಡಿಯ ಇಸವಿ

"ಗುರುಗಳೇ, ಗೊಂಬೆ ಆರಿಸುವಾಗ ಸಂಗ್ರಾಹಕರು ಎಲ್ಲಕ್ಕಿಂತ ಹೆಚ್ಚಾಗಿ ನೋಡೋದು ಏನನ್ನ?"

ಭೂಮಿಕಾ ಈ ಪ್ರಶ್ನೆ ಕೇಳಿದ್ದು ಮಧ್ಯಾಹ್ನದ ಊಟವಾದ ಮೇಲೆ. ನಿನ್ನೆಯಿಂದಲೂ ಅದು ಅವಳ ಗಂಟಲಲ್ಲೇ ಕೂತಿತ್ತು.

ಅವಳ ಗುರು ಕಾಳಾಚಾರ್ ಅವರ ಕೆಲಸದ ಮನೆಯಲ್ಲಿ ಡೈನೋಸಾರ್ ಗೊಂಬೆಗಳನ್ನು ಮಾಡುತ್ತಿದ್ದರು. ಮಕ್ಕಳು ಆಡಿ ಬಿಸಾಡುವ ಗೊಂಬೆಗಳಲ್ಲ; ದೊಡ್ಡವರು ಗಾಜಿನ ಬೀರುವಿನಲ್ಲಿಟ್ಟು, ಮಕ್ಕಳನ್ನು ಹತ್ತಿರಕ್ಕೂ ಬಿಡದೆ ಕಾಯುವ ಗೊಂಬೆಗಳು. ಮಾರನೆಯ ದಿನ ಸಂಗ್ರಾಹಕರು ಬರುವವರಿದ್ದರು. ವರ್ಷಕ್ಕೊಮ್ಮೆ ಬಂದು, ಸಾಲಾಗಿ ಇಟ್ಟ ಹೊಸ ಗೊಂಬೆಗಳನ್ನು ಕೈಗೆತ್ತಿಕೊಂಡು ನೋಡಿ, ಬೇಕಾದ್ದನ್ನು ಆರಿಸಿಕೊಂಡು ಹೋಗುವುದು ಅವರ ರೂಢಿ. ಆ ಸಲದ ಸಾಲಿನಲ್ಲಿ ಭೂಮಿಕಾಳದೂ ಒಂದು ಗೊಂಬೆ ಇತ್ತು. ಮಣ್ಣು ಕಲಸಿದ್ದರಿಂದ ಹಿಡಿದು ಕಣ್ಣಿಗೆ ಬಣ್ಣ ಇಟ್ಟದ್ದರವರೆಗೆ ಅವಳೊಬ್ಬಳೇ ಮಾಡಿದ ಮೊದಲ ಗೊಂಬೆ ಅದು: ಬೆನ್ನ ಮೇಲೆ ಹಾಯಿ ಎತ್ತಿ ನಿಂತ ಸ್ಪೈನೋಸಾರಸ್. ಅದನ್ನು ಯಾರೂ ಆರಿಸದಿದ್ದರೆ ಈ ವಿದ್ಯೆಯೇ ತನಗೆ ಬೇಡ, ಬಿಟ್ಟುಬಿಡುತ್ತೇನೆ ಎಂದು ಅವಳು ಒಳಗೊಳಗೇ ತೀರ್ಮಾನಿಸಿದ್ದಳು.

ಬಣ್ಣ ಒಣಗುವ ಹೊತ್ತಿಗೆ ಸುದ್ದಿ ಬಂದಿತ್ತು. ಆ ಪ್ರಾಣಿಯ ಬಾಲದ ಮೂಳೆಗಳು ಸಿಕ್ಕಿವೆ, ಬಾಲ ದೋಣಿಯ ಹುಟ್ಟಿನಂತೆ ಅಗಲವಾಗಿತ್ತು ಎಂದು. ಭೂಮಿಕಾಳ ಗೊಂಬೆಯ ಬಾಲ ಉಡದ ಬಾಲದಂತೆ ಸಣ್ಣಗೆ ನೀಳವಾಗಿತ್ತು. ಅವಳು ನೋಡಿದ ಚಿತ್ರಗಳಲ್ಲೆಲ್ಲ ಹಾಗೆಯೇ ಇತ್ತು. ಸುದ್ದಿ ಒಂದು ತಿಂಗಳು ಮೊದಲು ಬರಬಾರದಿತ್ತೇ, ಇಲ್ಲವೇ ಒಂದು ವಾರ ತಡವಾಗಿಯಾದರೂ ಬರಬಾರದಿತ್ತೇ ಎಂದು ಅವಳಿಗೆ ಅಳುವೇ ಬಂತು.

ಗುರುಗಳ ಬಳಿಗೆ ಬರುವ ಮೊದಲು, ಜೊತೆಯಲ್ಲಿ ಕೆಲಸ ಕಲಿಯುವವರನ್ನೂ ಇದನ್ನೇ ಕೇಳಿದ್ದಳು. ಹಲ್ಲಿನ ಬಣ್ಣ ನೋಡುತ್ತಾರೆ ಎಂದ ಒಬ್ಬ. ಬೀಳದೆ ನಿಲ್ಲುತ್ತದೆಯೇ ಎಂದು ಮೇಜು ಕುಟ್ಟಿ ನೋಡುತ್ತಾರೆ ಎಂದ ಇನ್ನೊಬ್ಬ. ಗೊಂಬೆಯ ರಟ್ಟಿನ ಪೆಟ್ಟಿಗೆ ಹರಿಯದೆ ಇದ್ದರೆ ಸಾಕು, ಒಳಗೆ ಬದನೆಕಾಯಿ ಇದ್ದರೂ ತೆಗೆದುಕೊಂಡು ಹೋಗುತ್ತಾರೆ ಎಂದು ಮೂರನೆಯವನು ನಗಾಡಿದ. ಕೊನೆಯವಳು ಮಾತ್ರ ನಗಲಿಲ್ಲ. "ಸರಿಯಾಗಿದೆಯಾ ಅಂತ ನೋಡ್ತಾರೆ ಕಣೇ. ಬಾಲ ತಪ್ಪಿದ್ರೆ ಮುಗೀತು," ಎಂದಳು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಣ್ಣ ಒಣಗಿದ ಮೇಲೆ ಗೊಂಬೆಯನ್ನು ಮಗುಚಿ, ಹೊಟ್ಟೆಯಡಿಯಲ್ಲಿ ಮಾಡಿದವರ ಹೆಸರನ್ನೂ ಇಸವಿಯನ್ನೂ ದಬ್ಬಳದಿಂದ ಕೊರೆಯಬೇಕು. ಅದು ಕೊನೆಯ ಕೆಲಸ. ಭೂಮಿಕಾ ಆ ಕೆಲಸ ಮಾಡಿರಲಿಲ್ಲ. ಹೆಸರಿಲ್ಲದಿದ್ದರೆ ಯಾರು ಮಾಡಿದ್ದೆಂದು ನಾಚಬೇಕಾಗಿಲ್ಲ, ಇಸವಿ ಇಲ್ಲದಿದ್ದರೆ ಯಾವಾಗ ಮಾಡಿದ್ದೆಂದು ಯಾರೂ ಹಿಡಿಯಲಾರರು. ಹೀಗೆಂದುಕೊಂಡು ಗೊಂಬೆಯನ್ನು ಮೆಲ್ಲಗೆ ಸಾಲಿಗೆ ಸೇರಿಸಿ ಬಂದಿದ್ದಳು. ಗುರುಗಳು ಗಮನಿಸಿಲ್ಲವೆಂದು ಅವಳ ನಂಬಿಕೆ.

ಕಾಳಾಚಾರ್ ಅವಳ ಮುಖ ನೋಡಿದರು.

"ಒಂದು ಕತೆ ಹೇಳ್ತೀನಿ, ಕೂತ್ಕೊಳಮ್ಮ," ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಗೊಂಬೆಗಾರನಿದ್ದ. ಡೈನೋಸಾರ್ ಮಾಡುವುದರಲ್ಲಿ ಎತ್ತಿದ ಕೈ. ಎರಡು ಕಾಲಿನ ದೊಡ್ಡ ಡೈನೋಸಾರ್ ನೆಟ್ಟಗೆ ನಿಂತು, ಬಾಲವನ್ನು ನೆಲದ ಮೇಲೆ ಎಳೆದುಕೊಂಡು ನಡೆಯುತ್ತಿತ್ತು ಎಂದು ಆ ಕಾಲದ ಪಂಡಿತರು ಹೇಳುತ್ತಿದ್ದರು. ಗೊಂಬೆಗಾರ ಹಾಗೆಯೇ ಮಾಡಿದ. ಕಾಟಾಚಾರಕ್ಕೆ ಮಾಡಲಿಲ್ಲ. ಸಿಕ್ಕಿದ ಚಿತ್ರಗಳನ್ನೆಲ್ಲ ನೋಡಿದ, ಬಲ್ಲವರನ್ನು ಕೇಳಿದ, ಬಂಡೆಯ ಮರೆಯಲ್ಲಿ ಕೂತು ಉಡ ಬಾಲ ಎಳೆಯುವುದನ್ನು ಕಣ್ಣಾರೆ ಕಂಡ. ಮುಗಿದ ಮೇಲೆ ಹೊಟ್ಟೆಯಡಿಯಲ್ಲಿ ತನ್ನ ಹೆಸರು, ಇಸವಿ ಕೊರೆದ. ಗೊಂಬೆಗಳು ಊರೂರಿಗೆ ಹೋದವು. ಅವನಿಗೆ ಹೆಸರು ಬಂತು.

ಆಮೇಲೆ ಪಂಡಿತರ ಮಾತು ಬದಲಾಯಿತು. ಬಾಲ ನೆಲ ಮುಟ್ಟುತ್ತಲೇ ಇರಲಿಲ್ಲವಂತೆ. ಮೈಯನ್ನು ತಕ್ಕಡಿಯ ದಂಡದಂತೆ ಅಡ್ಡಕ್ಕೆ ಚಾಚಿ, ಬಾಲವನ್ನು ಹಿಂದಕ್ಕೆ ಎತ್ತಿಕೊಂಡು ನಡೆಯುತ್ತಿತ್ತಂತೆ. ಪಂಡಿತರಿಗೇನು, ಹಳೆಯ ಮಾತು ನುಂಗಿಕೊಂಡು ಹೊಸ ಮಾತು ಆಡಿದರು. ಗೊಂಬೆಗಾರನ ಮಾತನ್ನು ನುಂಗುವಂತಿರಲಿಲ್ಲ. ಅದು ಊರೂರ ಬೀರುಗಳಲ್ಲಿ ಬಾಲ ಎಳೆದುಕೊಂಡು, ಅವನ ಹೆಸರು ಹೊತ್ತುಕೊಂಡು ನಿಂತಿತ್ತು.

ಅವನಿಗೆ ತಲೆ ಎತ್ತಿ ತಿರುಗುವುದು ಕಷ್ಟವಾಯಿತು. ಬೀದಿಯಲ್ಲಿ ಯಾರು ನಕ್ಕರೂ ತನ್ನ ಗೊಂಬೆಯ ಬಾಲಕ್ಕೇ ನಕ್ಕರು ಎನಿಸುತ್ತಿತ್ತು. ಕೊನೆಗೆ ಬಾಲ ಎತ್ತಿದ ಹೊಸ ಗೊಂಬೆಗಳನ್ನು ಮಾಡಿ, ಚೀಲಕ್ಕೆ ತುಂಬಿಕೊಂಡು, ಮನೆಮನೆಗೆ ಹೊರಟ. ಹಳೆಯದು ಕೊಡಿ, ಹೊಸದು ತೆಗೆದುಕೊಳ್ಳಿ ಎಂದ. ತಾನು ಯಾರೆಂದು ಹೇಳಲಿಲ್ಲ. ಪುಕ್ಕಟೆ ಹೊಸದು ಸಿಕ್ಕರೆ ಯಾರು ಬೇಡವೆನ್ನುತ್ತಾರೆ? ಎಲ್ಲರೂ ಖುಷಿಯಿಂದ ಕೊಟ್ಟರು. ಅವನು ಹಳೆಯವನ್ನೆಲ್ಲ ಮನೆಗೆ ತಂದು ಒಂದೊಂದಾಗಿ ಒಡೆದು ಹಾಕಿದ.

ಹೊಸ ಗೊಂಬೆಗಳ ಹೊಟ್ಟೆಯಡಿಯಲ್ಲಿ ಮಾತ್ರ ಅವನು ಏನನ್ನೂ ಕೊರೆಯಲಿಲ್ಲ. ನಾಳೆ ಇದೂ ತಪ್ಪೆಂದು ಹೇಳಿದರೆ ಏನು ಗತಿ ಎಂಬ ಭಯ.

ಭೂಮಿಕಾ ಕೂತಲ್ಲೇ ಅಲುಗಾಡಿದಳು. "ಅವನು ಮಾಡಿದ್ದು ಸರಿನೇ ಅಲ್ವಾ ಗುರುಗಳೇ? ತಪ್ಪನ್ನ ತಾನೇ ತಿದ್ದಿಕೊಂಡ."

"ಈ ಕತೆ ಕೇಳ್ದೋರೆಲ್ಲ ಹಾಗೇ ಅಂತಾರೆ," ಎಂದು ಕಾಳಾಚಾರ್ ಮುಂದುವರಿಸಿದರು.

ಕೊನೆಗೆ ಒಂದೇ ಒಂದು ಹಳೆಯ ಗೊಂಬೆ ಉಳಿಯಿತು. ಅದು ಒಬ್ಬ ಅಜ್ಜಿಯ ಮನೆಯಲ್ಲಿತ್ತು. ಅಜ್ಜಿ ಹುಡುಗಿಯಾಗಿದ್ದಾಗಿನಿಂದ ಡೈನೋಸಾರ್ ಕೂಡಿಟ್ಟವಳು. ದಸರೆಗೆ ಗೊಂಬೆ ಕೂರಿಸುವ ಮೆಟ್ಟಿಲುಗಳ ಮೇಲೆ ವರ್ಷವಿಡೀ ಅವನ್ನೇ ಕೂರಿಸಿದ್ದಳು. ರಾಜ ರಾಣಿಯರ ಪಟ್ಟದ ಗೊಂಬೆಗಳು ಅಟ್ಟ ಹತ್ತಿದ್ದವು. ಬಂಧುಗಳು ಆಡಿಕೊಳ್ಳುತ್ತಿದ್ದರು. ಅಜ್ಜಿ ಕಿವಿಗೆ ಹಾಕಿಕೊಂಡವಳಲ್ಲ.

ಗೊಂಬೆಗಾರ ಹೋಗಿ ನಮಸ್ಕಾರ ಮಾಡಿದ. ಅಜ್ಜಿ ಮಜ್ಜಿಗೆ ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟು ಹೇಳಿದ:

"ಅಜ್ಜಿ, ನಿಮ್ಮ ಹತ್ರ ಇರೋ ಆ ಬಾಲ ಎಳಿಯೋ ಗೊಂಬೆ ತಪ್ಪು. ಅದನ್ನ ಕೊಟ್ಬಿಡಿ. ಸರಿಯಾದ್ದು ತಂದಿದೀನಿ."

ಅಜ್ಜಿ ಹೊಸ ಗೊಂಬೆಯನ್ನು ಕೈಗೆ ತೆಗೆದುಕೊಂಡಳು. ಹಲ್ಲು ನೋಡಿದಳು, ಉಗುರು ನೋಡಿದಳು, ನೆಲದ ಮೇಲಿಟ್ಟು ಬೀಳುವುದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಅದನ್ನು ಮಗುಚಿದಳು. ಹೊಟ್ಟೆಯಡಿ ನೋಡಿದಳು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. ಪಾದದ ಕೆಳಗೂ ನೋಡಿದಳು. ಕೊನೆಗೆ ಅವನ ಕೈಗೇ ವಾಪಸು ಕೊಟ್ಟಳು.

"ಬಹಳ ಚೆನ್ನಾಗಿದೆ ಕಣಪ್ಪ. ಆದ್ರೆ ಇದನ್ನ ಎಲ್ಲಿಡ್ಲಿ?"

ಗೊಂಬೆಗಾರ ಮೆಟ್ಟಿಲುಗಳನ್ನು ನೋಡಿದ. ಜಾಗಕ್ಕೇನೂ ಬರವಿರಲಿಲ್ಲ. ಹಾಗೆಂದು ಹೇಳಿದ.

ಅಜ್ಜಿ ಅವನನ್ನು ಹತ್ತಿರ ಕರೆದು ತೋರಿಸಿದಳು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನಲ್ಲಿದ್ದ ಡೈನೋಸಾರ್ ನಾಲ್ಕು ಕಾಲಿನ ಮೊಸಳೆಯ ಹಾಗಿತ್ತು. ಅದರ ಮೇಲಿನ ಮೆಟ್ಟಿಲಿನಲ್ಲಿ ನೆಟ್ಟಗೆ ನಿಂತು ಬಾಲ ಎಳೆಯುವವು. ಅದರ ಮೇಲೆ ಬಾಲ ಎತ್ತಿದವು. ತುದಿಯಲ್ಲಿದ್ದವಕ್ಕೆ ಕೋಳಿಯಂತೆ ಪುಕ್ಕವಿತ್ತು.

"ನಾನು ಇಟ್ಟಿರೋದು ಇಸವಿ ಪ್ರಕಾರ," ಎಂದಳು ಅಜ್ಜಿ. "ಕೆಳಗಿರೋವೆಲ್ಲ ತಪ್ಪೇ. ಮೇಲಿರೋವು ನಾಳೆ ತಪ್ಪಾಗ್ತವೆ. ಬದುಕಿರೋ ಡೈನೋಸಾರನ್ನ ಕಂಡೋರು ಯಾರಿದಾರೆ ಹೇಳು? ನಾನು ಕೂಡಿಡೋದು ಕಂಡೋರ ಕೈಕೆಲಸ ಅಲ್ಲ ಕಣಪ್ಪ, ಹುಡುಕ್ದೋರದು. ನಿಂದರಲ್ಲಿ ಹುಡುಕ್ದೋರು ಯಾರು, ಯಾವಾಗ ಹುಡುಕಿದ್ರು ಒಂದೂ ಇಲ್ಲ. ಯಾವ ಮೆಟ್ಟಿಲಿಗೆ ಅಂತ ಇಡ್ಲಿ?"

ಅಜ್ಜಿ ಹಳೆಯ ಗೊಂಬೆಯನ್ನು ಕೆಳಗಿಳಿಸಿ, ಸೆರಗಿನಿಂದ ಧೂಳು ಒರೆಸಿ, ಮಗುಚಿ ಅವನ ಮುಂದೆ ಹಿಡಿದಳು.

"ಇದನ್ನ ನೋಡು. ಎಷ್ಟು ಆಳಕ್ಕೆ ಕೊರ್ದಿದಾನೆ! ಎಲ್ಲೂ ಕೈ ನಡುಗಿಲ್ಲ. ಆವತ್ತಿಗೆ ತನಗೆ ತಿಳಿದಿದ್ದಿಷ್ಟು ಅಂತ ಹೆಸರು ಹಾಕಿ ಕೊಟ್ಟಿದಾನೆ. ಒಂದ್ಸಲ ಈ ಮನುಷ್ಯನ್ನ ನೋಡ್ಬೇಕು ಅಂತ ನಂಗೆ ತುಂಬಾ ದಿನದ ಆಸೆ. ಇದನ್ನ ನಾನು ಕೊಡಲ್ಲಪ್ಪ."

ಗೊಂಬೆಗಾರನ ಕಣ್ಣು ತುಂಬಿ ಬಂತು. ಊರಿಗೆಲ್ಲ ಕೇಳಿಸುವಂತೆ ತನ್ನನ್ನು ಹೀಯಾಳಿಸುತ್ತಿವೆ ಎಂದುಕೊಂಡಿದ್ದ ಆ ಅಕ್ಷರಗಳನ್ನು ಒಬ್ಬಳು ಅಜ್ಜಿ ಇಷ್ಟು ವರ್ಷ ಸೆರಗಿನಿಂದ ಒರೆಸಿಕೊಂಡು ಬಂದಿದ್ದಳು. ಒಡೆದು ಹಾಕಿದ ಗೊಂಬೆಗಳು ನೆನಪಾಗಿ ಸಂಕಟವಾಯಿತು. ಇದೊಂದಾದರೂ ಉಳಿಯಿತಲ್ಲ ಎಂದು ಸಮಾಧಾನವೂ ಆಯಿತು.

"ಆ ಮನುಷ್ಯ ನಾನೇ ಅಜ್ಜಿ," ಎಂದ. ಅಷ್ಟು ದಿನ ಬಚ್ಚಿಟ್ಟಿದ್ದನ್ನು ಹೇಳಿದ ಮೇಲೆ ಅವನಿಗೆ ನಗು ಬಂತು. ಅಜ್ಜಿಯೂ ನಕ್ಕಳು.

"ಹಾಗಾದ್ರೆ ಇನ್ನೇನು ನೋಡ್ತಿದೀಯ, ಕೂತ್ಕೊ," ಎಂದು ಒಳಗಿನಿಂದ ಗೋಣಿ ಹೊಲಿಯುವ ದಬ್ಬಳ ತಂದುಕೊಟ್ಟಳು. ಅವನು ಅಲ್ಲೇ ನೆಲದ ಮೇಲೆ ಕೂತು ಹೊಸ ಗೊಂಬೆಯ ಹೊಟ್ಟೆಯಡಿ ಹೆಸರು ಕೊರೆದ, ಇಸವಿ ಕೊರೆದ. ಅಜ್ಜಿ ಹಳೆಯದನ್ನು ಅದರ ಮೆಟ್ಟಿಲಿಗೆ ಏರಿಸಿದಳು, ಹೊಸದನ್ನು ಇಸವಿ ನೋಡಿ ತುದಿಯ ಮೆಟ್ಟಿಲಿಗೆ. ಗೊಂಬೆಗಾರ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು, ದಾರಿಯುದ್ದಕ್ಕೂ ಹಾಡು ಗುನುಗಿಕೊಂಡು ಮನೆಗೆ ಹೋದನಂತೆ.

ಕಾಳಾಚಾರ್ ಕತೆ ನಿಲ್ಲಿಸಿ, ಚೊಂಬಿನ ನೀರು ಕುಡಿದರು.

ಭೂಮಿಕಾ ದೊಡ್ಡದಾಗಿ ಉಸಿರು ಬಿಟ್ಟಳು. ನಿನ್ನೆಯಿಂದ ಸರಿಯಾಗಿ ಉಸಿರಾಡಿಯೇ ಇರಲಿಲ್ಲವೇನೋ ಎಂದು ಆಗ ಅವಳಿಗೆ ಅನಿಸಿತು. ಮೈಯೆಲ್ಲ ಹಗುರವಾಯಿತು. ಮಾತು ತಾನಾಗಿ ಹೊರಗೆ ಬಂತು.

"ಅಬ್ಬಾ ಗುರುಗಳೇ, ಈಗ ಜೀವ ಬಂತು. ನಾನು ಈ ಕೆಲಸಾನೇ ಬಿಟ್ಟುಬಿಡೋಣ ಅಂತಿದ್ದೆ. ಹಾಗಾದ್ರೆ ನನ್ನ ಗೊಂಬೆಯ ಬಾಲ ನಾಳೆ ಅವ್ರು ನೋಡಿದ್ರೂ ಏನೂ ಪರವಾಗಿಲ್ಲ, ಅಲ್ವಾ?"

ಕಾಳಾಚಾರ್ ಎದ್ದು ಹೋಗಿ ಸಾಲಿನಿಂದ ಸ್ಪೈನೋಸಾರಸ್ಸನ್ನು ಎತ್ತಿಕೊಂಡು ಬಂದರು. ಅದನ್ನು ಮಗುಚಿ, ನುಣ್ಣಗಿದ್ದ ಹೊಟ್ಟೆ ಮೇಲಾಗುವಂತೆ, ಅವಳ ಮಡಿಲಲ್ಲಿಟ್ಟರು.

"ಬಾಲ ಹಾಗಿರಲಿ ಮಗಳೇ, ನಿನ್ನೆಯಿಂದ ನಮ್ಮ ಸಾಲಿನಲ್ಲಿ ಈ ಅನಾಥ ಗೊಂಬೆ ನಿಂತಿದೆಯಲ್ಲ, ಇದು ಯಾರದು?"

ಭೂಮಿಕಾ ದಬ್ಬಳಕ್ಕೆ ಕೈ ಚಾಚಿದಳು.